ಮೂವತ್ತೇಳು ದಿನಗಳು: ಮೊದಲನೆಯ ಮಹಾಯುದ್ಧದ ಕಾರಣ ಮತ್ತು ಫಲ

ಚೆನ್ನೈಗೆ ಓದಲು ಬಂದ ಮೊದಲ ವರ್ಷ ನಾನು ಟ್ರಿಪ್ಲಿಕೇನಿನ ಒಂದು ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆ. ಮನೆಯೊಡತಿ ಪಾಟಿಗೆ ಏಳು ವರ್ಷದ ಒಬ್ಬ ಮೊಮ್ಮಗ. ಅವನು ಡಬ್ಬಿಯಿಂದ ಮುರುಕು ಕದ್ದು, ತಪ್ಪನ್ನು ಬೆಕ್ಕಿನ ತಲೆಗೆ ಕಟ್ಟಿ ಓಡಿಹೋದಾಗಲೆಲ್ಲ ಪಾಟಿ, "ಸರಿಯಾನ ಎಮ್ಡನ್!" ಅಂತ ಬೈಯೋರು. ಬೈಗುಳದಲ್ಲಿ ಅರ್ಧ ಮೆಚ್ಚಿಗೆಯೇ. ಯಮನಿಗೆ ಸಂಬಂಧಪಟ್ಟ ಯಾವುದೋ ತಮಿಳು ಮಾತಿರಬೇಕು ಅಂದುಕೊಂಡು ನಾನು ಸುಮ್ಮನಿದ್ದೆ.

ಆಮೇಲೆ ಗೊತ್ತಾಯ್ತು, ಅದು ಯಮನೂ ಅಲ್ಲ, ತಮಿಳೂ ಅಲ್ಲ. ಎಮ್ಡನ್ ಎಂಬುದು ಜರ್ಮನಿಯ ಒಂದು ಯುದ್ಧನೌಕೆಯ ಹೆಸರು. 1914ರ ಸೆಪ್ಟೆಂಬರ್ 22ರ ರಾತ್ರಿ ಅದು ದೀಪ ಆರಿಸಿಕೊಂಡು ಮದರಾಸಿನ ಬಂದರಿಗೆ ನುಸುಳಿ, ನೂರಕ್ಕೂ ಹೆಚ್ಚು ಗುಂಡು ಹಾರಿಸಿ, ಬರ್ಮಾ ಆಯಿಲ್ ಕಂಪನಿಯ ಎಣ್ಣೆ ಟ್ಯಾಂಕುಗಳಿಗೆ ಬೆಂಕಿ ಹಚ್ಚಿ, ಬಂದ ಹಾಗೆಯೇ ಕತ್ತಲಲ್ಲಿ ಮಾಯವಾಯಿತು. ಸತ್ತವರು ಕೆಲವರೇ. ಆದರೆ ಮರುದಿನದಿಂದ ಊರಿಗೆ ಊರೇ ಗಂಟುಮೂಟೆ ಕಟ್ಟಿ ರೈಲು ನಿಲ್ದಾಣಗಳಿಗೆ ನುಗ್ಗಿತು. ಗುಂಡು ಬಿದ್ದ ಗುರುತಿಗೆ ಹೈಕೋರ್ಟಿನ ಆವರಣದ ಗೋಡೆಯಲ್ಲಿ ಒಂದು ಫಲಕವಿದೆ. ಎಮ್ಡನ್ ಹಡಗು ಅದೇ ನವೆಂಬರ್ 9ರಂದು ಕೋಕೋಸ್ ದ್ವೀಪದ ಬಳಿ ಆಸ್ಟ್ರೇಲಿಯಾದ ಸಿಡ್ನಿ ನೌಕೆಯ ಕೈಗೆ ಸಿಕ್ಕಿ ಹಾಳಾಯಿತು. ಹೆಸರು ಮಾತ್ರ ಕಿಲಾಡಿ ಅನ್ನುವ ಅರ್ಥದಲ್ಲಿ ಪಾಟಿಯ ಬಾಯಲ್ಲಿ ಉಳಿಯಿತು.

ಮಿತ್ರರೆ, ಈ ಲೇಖನ ಹುಟ್ಟಿದ್ದು ಆ ಬೈಗುಳದಿಂದಲೇ. ಕಳೆದ ಅಧ್ಯಯನ ಗೋಷ್ಠಿಯಲ್ಲಿ ಮೊದಲ ವರ್ಷದ ಒಬ್ಬಳು ತಂಗಿ ನೋಟ್ಸ್ ತೋರಿಸಿ, "ಅಕ್ಕಾ, ಕಾರಣ ಐದು, ಪರಿಣಾಮ ಐದು ಬಾಯಿಪಾಠ ಮಾಡಿದೀನಿ. ಆದ್ರೆ ಕೊನೆಗೆ ತಪ್ಪು ಯಾರದು ಅಂತ ಬರೀಬೇಕು?" ಅಂತ ಕೇಳಿದಳು. ನನಗೆ ಥಟ್ಟನೆ ಉತ್ತರ ಬರಲಿಲ್ಲ. ಯಾಕೆಂದರೆ ಬಿ.ಎ. ಪರೀಕ್ಷೆಯಲ್ಲಿ ಇದೇ ಪ್ರಶ್ನೆಗೆ ನಾನು, "ಹೀಗೆ ಯುದ್ಧವು ಅನಿವಾರ್ಯವಾಯಿತು" ಎಂದು ಮುಗಿಸಿ ಒಳ್ಳೆಯ ಅಂಕ ಗಿಟ್ಟಿಸಿದ್ದೆ. ಆ 'ಅನಿವಾರ್ಯ' ಅನ್ನೋ ಪದ ಈಗ ನನಗೆ ಒಗ್ಗುತ್ತಿಲ್ಲ. ಏಕೆ ಎಂದು ಹೇಳುವುದೇ ಈ ಬರಹದ ಉದ್ದೇಶ.

1. ನೋಟ್ಸಿನಲ್ಲಿರುವ ಕಾರಣಗಳು

ನೋಟ್ಸಿನ ಪಟ್ಟಿ ನಮಗೆಲ್ಲ ಗೊತ್ತಿದ್ದದ್ದೇ: ಸೈನಿಕ ಪೈಪೋಟಿ, ಮೈತ್ರಿಕೂಟಗಳು, ಸಾಮ್ರಾಜ್ಯದಾಹ, ಉಗ್ರ ರಾಷ್ಟ್ರೀಯತೆ, ಕೊನೆಗೆ ತಕ್ಷಣದ ಕಾರಣವಾಗಿ ಸರಾಯೆವೊದ ಕೊಲೆ. ಪಟ್ಟಿ ಸುಳ್ಳಲ್ಲ.

1871ರಲ್ಲಿ ಫ್ರಾನ್ಸನ್ನು ಸೋಲಿಸಿ ಜರ್ಮನಿ ಒಂದು ಸಾಮ್ರಾಜ್ಯವಾಯಿತು. ಗೆಲುವಿನ ಜೊತೆಗೆ ಅಲ್ಸಾಸ್-ಲೊರೇನ್ ಪ್ರದೇಶವನ್ನೂ ಕಿತ್ತುಕೊಂಡಿತು. ಫ್ರಾನ್ಸಿಗೆ ಅದು ಆರದ ಗಾಯ. 1879ರಲ್ಲಿ ಜರ್ಮನಿ ಮತ್ತು ಆಸ್ಟ್ರಿಯಾ-ಹಂಗೇರಿ ಕೈಜೋಡಿಸಿದವು, 1882ರಲ್ಲಿ ಇಟಲಿ ಸೇರಿತು. ಎದುರಿಗೆ 1894ರಲ್ಲಿ ಫ್ರಾನ್ಸ್ ಮತ್ತು ರಷ್ಯಾ ಒಂದಾದವು. ಯಾರ ಗೊಡವೆಯೂ ಬೇಡ ಎಂದು ದೂರವಿದ್ದ ಬ್ರಿಟನ್ 1904ರಲ್ಲಿ ಫ್ರಾನ್ಸಿನೊಂದಿಗೆ, 1907ರಲ್ಲಿ ರಷ್ಯಾದೊಂದಿಗೆ ಹಳೆಯ ತಕರಾರುಗಳನ್ನು ಬಗೆಹರಿಸಿಕೊಂಡಿತು. ಈ ನಡುವೆ ಜರ್ಮನಿ ದೊಡ್ಡ ನೌಕಾಬಲ ಕಟ್ಟತೊಡಗಿತು. 1906ರಲ್ಲಿ ಬ್ರಿಟನ್ ಡ್ರೆಡ್‌ನಾಟ್ ಎಂಬ ಹೊಸ ಬಗೆಯ ಯುದ್ಧನೌಕೆ ನೀರಿಗಿಳಿಸಿದ ಮೇಲೆ ಹಳೆಯ ಹಡಗುಗಳೆಲ್ಲ ಒಂದೇ ಏಟಿಗೆ ಹಳತಾದವು. ಪೈಪೋಟಿ ಮತ್ತೆ ಮೊದಲಿನಿಂದ ಶುರುವಾಯಿತು. ಇತ್ತ ಬಾಲ್ಕನ್ ಪ್ರದೇಶದಲ್ಲಿ ಆಸ್ಟ್ರಿಯಾ 1908ರಲ್ಲಿ ಬೋಸ್ನಿಯಾವನ್ನು ನುಂಗಿತು. ಅಲ್ಲಿನ ಸರ್ಬ್ ಜನ ಪಕ್ಕದ ಸರ್ಬಿಯಾದ ಕಡೆ ಮುಖಮಾಡಿದರು. ಸರ್ಬಿಯಾ ರಷ್ಯಾದ ಕಡೆ ನೋಡಿತು.

ಸರಿ. ಆದರೆ ಒಂದು ಪ್ರಶ್ನೆ. ಇವೆಲ್ಲ 1914ಕ್ಕೆ ಮುಂಚೆಯೂ ಇದ್ದವಲ್ಲ? 1905ರಲ್ಲಿ ಮತ್ತು 1911ರಲ್ಲಿ ಮೊರಾಕೊ ವಿಷಯಕ್ಕೆ ಜರ್ಮನಿ ಮತ್ತು ಫ್ರಾನ್ಸ್ ಜಗಳದ ಅಂಚಿಗೆ ಬಂದು ಹಿಂದಕ್ಕೆ ಸರಿದವು. 1908ರಲ್ಲಿ ಬೋಸ್ನಿಯಾ ಹೋದಾಗ ರಷ್ಯಾ ಅವಮಾನ ನುಂಗಿಕೊಂಡು ಸುಮ್ಮನಾಯಿತು. 1912-13ರಲ್ಲಿ ಬಾಲ್ಕನ್ನಿನಲ್ಲಿ ಎರಡು ಯುದ್ಧಗಳೇ ನಡೆದವು. ಆಗ ದೊಡ್ಡ ರಾಷ್ಟ್ರಗಳ ರಾಯಭಾರಿಗಳು ಲಂಡನ್ನಿನಲ್ಲಿ ಕೂತು ಮಾತಾಡಿ, ಬೆಂಕಿ ಆಚೆ ಹರಡದಂತೆ ನೋಡಿಕೊಂಡರು. ಅಂದರೆ ಅದೇ ಸೈನ್ಯ, ಅದೇ ಮೈತ್ರಿ, ಅದೇ ದಾಹ ಇದ್ದೂ ನಾಲ್ಕಾರು ಸಲ ಮಹಾಯುದ್ಧ ಆಗಲಿಲ್ಲ. ನೋಟ್ಸಿನ ಪಟ್ಟಿ ಯುದ್ಧ ಹೇಗೆ ಆಗಬಹುದಿತ್ತು ಅಂತ ಹೇಳುತ್ತೆ. ಈ ಸಲ ಯಾಕೆ ಆಯ್ತು ಅಂತ ಹೇಳೋದಿಲ್ಲ. ಬಣವೆ ಒಣಗಿತ್ತು ಅಂದರೆ ಬೆಂಕಿ ಬಿತ್ತು ಅಂತಲ್ಲ. ಅದರ ಪಕ್ಕದಲ್ಲಿ ಬೀಡಿ ಹಚ್ಚಿದವರು ಯಾರು, ನೋಡಿಯೂ ಸುಮ್ಮನಿದ್ದವರು ಯಾರು ಅಂತಲೂ ಕೇಳಬೇಕು.

2. ಸರಾಯೆವೊದ ಭಾನುವಾರ

1914ರ ಜೂನ್ 28, ಭಾನುವಾರ. ಆಸ್ಟ್ರಿಯಾದ ಯುವರಾಜ ಫ್ರಾನ್ಜ್ ಫರ್ಡಿನೆಂಡ್ ಮತ್ತು ಅವನ ಹೆಂಡತಿ ಸೋಫಿ ಬೋಸ್ನಿಯಾದ ಸರಾಯೆವೊ ನಗರಕ್ಕೆ ಬಂದಿದ್ದರು. ಬೆಳಿಗ್ಗೆ ಒಬ್ಬ ಯುವಕ ಎಸೆದ ಬಾಂಬು ಗುರಿ ತಪ್ಪಿ ಹಿಂದಿನ ಕಾರಿನ ಬಳಿ ಸಿಡಿಯಿತು. ಯುವರಾಜ ಅಷ್ಟಕ್ಕೆ ಹಿಂದಿರುಗಬಹುದಿತ್ತು. ಗಾಯಗೊಂಡ ಅಧಿಕಾರಿಯನ್ನು ಆಸ್ಪತ್ರೆಯಲ್ಲಿ ನೋಡುತ್ತೇನೆ ಅಂದ. ದಾರಿ ಬದಲಾಗಿದೆ ಎಂದು ಕಾರಿನ ಚಾಲಕನಿಗೆ ಯಾರೂ ಹೇಳಿರಲಿಲ್ಲ. ಅವನು ಹಳೆಯ ದಾರಿಗೆ ತಿರುಗಿಸಿ, ತಪ್ಪು ತಿಳಿದು ಕಾರು ನಿಲ್ಲಿಸಿದ. ನಿಲ್ಲಿಸಿದ ಜಾಗದಲ್ಲೇ ಗಾವ್ರಿಲೊ ಪ್ರಿನ್ಸಿಪ್ ನಿಂತಿದ್ದ. ಎರಡು ಗುಂಡು, ಇಬ್ಬರೂ ಸತ್ತರು.

ಪ್ರಿನ್ಸಿಪ್‌ನ ವಯಸ್ಸು 19. ಇಪ್ಪತ್ತು ತುಂಬದವರಿಗೆ ಮರಣದಂಡನೆ ಇಲ್ಲ ಎಂಬ ಕಾನೂನಿನಿಂದ ಗಲ್ಲು ತಪ್ಪಿ, ಇಪ್ಪತ್ತು ವರ್ಷದ ಸಜೆಯಾಗಿ, 1918ರ ಏಪ್ರಿಲ್‌ನಲ್ಲಿ ಜೈಲಿನಲ್ಲೇ ಕ್ಷಯದಿಂದ ಸತ್ತ. ನಮ್ಮ ಗೋಷ್ಠಿಯ ಅರ್ಧ ಜನರ ವಯಸ್ಸು ಅದೇ. ಅವನೂ ವಿದ್ಯಾರ್ಥಿ, ಓದುತ್ತಿದ್ದವನು, ಕಾಲೇಜು ಹುಡುಗರ ಹಾಗೆ ರಾತ್ರಿಯೆಲ್ಲ ನಾಡಿನ ಬಗ್ಗೆ ಮಾತಾಡುತ್ತಿದ್ದವನು. ಇನ್ನೊಂದು ವಿಚಿತ್ರ: ಸರ್ಬಿಯಾದ ಮೇಲೆ ಯುದ್ಧ ಬೇಡ ಎಂದು ವಿಯೆನ್ನಾದಲ್ಲಿ ಹೇಳುತ್ತಿದ್ದ ಪ್ರಮುಖರಲ್ಲಿ ಕೊಲೆಯಾದ ಯುವರಾಜನೇ ಒಬ್ಬ. ತಡೆಯುವ ಕೈಯನ್ನೇ ಕಡಿದಂತಾಯಿತು.

3. ನಡುವಿನ ದಿನಗಳು

ಜೂನ್ 28ರಿಂದ ಬ್ರಿಟನ್ ಯುದ್ಧ ಸಾರಿದ ಆಗಸ್ಟ್ 4ರವರೆಗೆ 37 ದಿನ. ನೋಟ್ಸಿನಲ್ಲಿ ಈ ದಿನಗಳಿಗೆ ಒಂದು ಸಾಲು. ನನ್ನ ಲೆಕ್ಕದಲ್ಲಿ ಇಡೀ ಪಾಠ ಇರೋದೇ ಇಲ್ಲಿ.

ಜುಲೈ 5: ಸರ್ಬಿಯಾಕ್ಕೆ ಬುದ್ಧಿ ಕಲಿಸಬೇಕು, ರಷ್ಯಾ ಅಡ್ಡ ಬಂದರೆ ನೀವು ಜೊತೆಗಿರುತ್ತೀರಾ ಎಂದು ಆಸ್ಟ್ರಿಯಾ ಬರ್ಲಿನ್ನಿಗೆ ಕೇಳಿತು. ಕೈಸರ್ ಎರಡನೆಯ ವಿಲ್ಹೆಲ್ಮ್ ಹೂಂ ಅಂದ. ಇತಿಹಾಸಕಾರರು ಇದನ್ನು ಖಾಲಿ ಚೆಕ್ ಅನ್ನುತ್ತಾರೆ. ಸಹಿ ಇದೆ, ಮೊತ್ತ ನೀನೇ ಬರೆದುಕೋ ಅಂದ ಹಾಗೆ. ಮರುದಿನ ಕೈಸರ್ ನಾರ್ವೆಯ ಕಡೆ ಹಡಗು ವಿಹಾರಕ್ಕೆ ಹೊರಟ.

ಆಸ್ಟ್ರಿಯಾ ಆಗಲೇ ನುಗ್ಗಿದ್ದರೆ, ಕೊಲೆಯ ಬಿಸಿ ಇದ್ದಾಗ, ಜಗಳ ಬಾಲ್ಕನ್ನಿಗೇ ಸೀಮಿತವಾಗುತ್ತಿತ್ತು ಎನ್ನುವವರಿದ್ದಾರೆ. ಆದರೆ ಹಂಗೇರಿಯ ಪ್ರಧಾನಿ ಟಿಸ್ಜಾ ಒಪ್ಪಿರಲಿಲ್ಲ; ಸೈನಿಕರು ಸುಗ್ಗಿಗೆಂದು ರಜೆಯ ಮೇಲೆ ಊರಿಗೆ ಹೋಗಿದ್ದರು; ಫ್ರಾನ್ಸಿನ ಅಧ್ಯಕ್ಷ ರಷ್ಯಾ ಪ್ರವಾಸದಲ್ಲಿದ್ದ, ಅವನು ಹೊರಡಲಿ ಎಂದು ಕಾದರು. ಜುಲೈ 23ರ ಸಂಜೆ ಸರ್ಬಿಯಾಕ್ಕೆ ಹತ್ತು ಷರತ್ತುಗಳ ಪತ್ರ ಹೋಯಿತು, ಉತ್ತರಕ್ಕೆ 48 ಗಂಟೆ. ಒಪ್ಪಬಾರದು ಎಂದೇ ಬರೆದ ಪತ್ರ ಅದು. ಆಶ್ಚರ್ಯವೆಂದರೆ ಸರ್ಬಿಯಾ ಬಹುಪಾಲು ಒಪ್ಪಿತು. ಕೊಲೆಯ ವಿಚಾರಣೆಯಲ್ಲಿ ಆಸ್ಟ್ರಿಯಾದ ಅಧಿಕಾರಿಗಳೇ ಬಂದು ಕೂರುವುದಕ್ಕೆ ಮಾತ್ರ ಆಗದು ಅಂದಿತು. ವಿಹಾರ ಮುಗಿಸಿ ಬಂದ ಕೈಸರ್ ಜುಲೈ 28ರ ಬೆಳಿಗ್ಗೆ ಆ ಉತ್ತರ ಓದಿ, ಇನ್ನು ಯುದ್ಧಕ್ಕೆ ಕಾರಣವೇ ಉಳಿಯಲಿಲ್ಲ ಎಂಬರ್ಥದಲ್ಲಿ ಟಿಪ್ಪಣಿ ಬರೆದ. ಅದೇ ದಿನ ಆಸ್ಟ್ರಿಯಾ ಯುದ್ಧ ಸಾರಿತು. ಚೆಕ್ಕು ಕೈಬಿಟ್ಟಾಗಿತ್ತು.

ಮುಂದೆ ರೈಲಿನ ಕಥೆ. ಲಕ್ಷಾಂತರ ಸೈನಿಕರನ್ನು ಊರೂರಿನಿಂದ ಕರೆಸಿ, ಬಟ್ಟೆ ಬಂದೂಕು ಕೊಟ್ಟು, ಗಡಿಗೆ ಸಾಗಿಸುವ ಕೆಲಸಕ್ಕೆ ಸೇನಾ ಜಮಾವಣೆ ಎನ್ನೋಣ. ಅದು ಪೂರಾ ರೈಲ್ವೆ ವೇಳಾಪಟ್ಟಿಯ ಮೇಲೆ ನಿಂತದ್ದು. ರಷ್ಯಾ ವಿಶಾಲ ದೇಶ, ಜಮಾವಣೆ ನಿಧಾನ. ಜರ್ಮನಿಯ ಇಡೀ ಯೋಜನೆ ಆ ನಿಧಾನವನ್ನೇ ನಂಬಿತ್ತು: ಮೊದಲು ಬೆಲ್ಜಿಯಮ್ ದಾಟಿ ಸುಮಾರು ಆರು ವಾರಗಳಲ್ಲಿ ಫ್ರಾನ್ಸನ್ನು ಮುಗಿಸುವುದು, ಆಮೇಲೆ ರಷ್ಯಾದ ಕಡೆ ತಿರುಗುವುದು. ಹೀಗಾಗಿ ರಷ್ಯಾ ಜಮಾವಣೆ ಶುರುಮಾಡಿದರೆ ಸಾಕು, ಜರ್ಮನಿಯ ಗಡಿಯಾರ ಓಡತೊಡಗುತ್ತದೆ. ಝಾರ್ ನಿಕೊಲಸ್ ಜುಲೈ 29ರಂದು ಪೂರ್ಣ ಜಮಾವಣೆಗೆ ಆಜ್ಞೆ ಕೊಟ್ಟು, ಕೈಸರನ ತಂತಿ ಬಂದ ಮೇಲೆ ರಾತ್ರಿಯೇ ಹಿಂತೆಗೆದುಕೊಂಡ. ಅವರಿಬ್ಬರೂ ಬಂಧುಗಳು, ಇಂಗ್ಲಿಷಿನಲ್ಲಿ ತಂತಿ ಕಳಿಸಿಕೊಳ್ಳುತ್ತಿದ್ದರು. ಮರುದಿನ ಮಂತ್ರಿಗಳ ಒತ್ತಾಯಕ್ಕೆ ಮಣಿದು ಮತ್ತೆ ಆಜ್ಞೆ ಕೊಟ್ಟ.

ಆಗಸ್ಟ್ 1ರಂದು ಜರ್ಮನಿ ರಷ್ಯಾದ ಮೇಲೆ ಯುದ್ಧ ಸಾರಿತು. ಅಂದು ಸಂಜೆ, ಬ್ರಿಟನ್ ಮತ್ತು ಫ್ರಾನ್ಸ್ ದೂರ ಉಳಿಯಬಹುದು ಎಂಬ ತಪ್ಪು ಸುದ್ದಿಯೊಂದು ಬರ್ಲಿನ್ನಿಗೆ ಬಂತು. ಕೈಸರ್ ಹಿಗ್ಗಿ, ಹಾಗಾದರೆ ಸೈನ್ಯವನ್ನೆಲ್ಲ ಪೂರ್ವಕ್ಕೆ ತಿರುಗಿಸಿ ಅಂದ. ಸೇನಾಧಿಪತಿ ಮೋಲ್ಟ್ಕೆ, ಒಂದು ವರ್ಷದ ಕೆಲಸ, ಈಗ ಬದಲಿಸಲಾಗದು ಅಂದ. ಬದಲಿಸಬಹುದಿತ್ತು ಎಂದು ಜರ್ಮನ್ ಸೇನೆಯ ರೈಲ್ವೆ ವಿಭಾಗದ ಅಧಿಕಾರಿಯೊಬ್ಬ ಯುದ್ಧ ಮುಗಿದ ಮೇಲೆ ಪುಸ್ತಕವನ್ನೇ ಬರೆದ! ನೋಡಿ, ಆಗದು ಎಂದದ್ದು ರೈಲಲ್ಲ, ರೈಲಿನ ಹೆಸರಲ್ಲಿ ಒಬ್ಬ ಮನುಷ್ಯ.

ಆಗಸ್ಟ್ 3ರಂದು ಫ್ರಾನ್ಸಿನ ಮೇಲೆ ಯುದ್ಧ. 4ರಂದು ಜರ್ಮನ್ ಸೇನೆ ಬೆಲ್ಜಿಯಮ್ಮಿಗೆ ನುಗ್ಗಿತು. ಬೆಲ್ಜಿಯಮ್ಮಿನ ತಟಸ್ಥತೆಗೆ 1839ರ ಒಪ್ಪಂದದ ಜಾಮೀನಿತ್ತು. ಬ್ರಿಟನ್ ಅಂದೇ ಯುದ್ಧಕ್ಕಿಳಿಯಿತು. ಅದಕ್ಕೂ ಮುಂಚೆ ವಾರಗಟ್ಟಲೆ ಅದರ ವಿದೇಶಾಂಗ ಮಂತ್ರಿ ಗ್ರೇ, ನಾವು ಇಂಥ ಕಡೆ ಇರುತ್ತೇವೆ ಎಂದು ಖಚಿತವಾಗಿ ಹೇಳಲಿಲ್ಲ. ಅವನ ಸಂಪುಟವೇ ಒಡೆದಿತ್ತು. ಬ್ರಿಟನ್ ಬರಲಿಕ್ಕಿಲ್ಲ ಎಂಬ ಆಸೆ ಬರ್ಲಿನ್ನಿನಲ್ಲಿ ಕೊನೆಯವರೆಗೂ ಬದುಕಿತ್ತು.

4. ಫಲ

ಕ್ರಿಸ್‌ಮಸ್ಸಿಗೆ ಮನೆ ಸೇರುತ್ತೇವೆ ಅಂತ ಹೊರಟವರು ನಾಲ್ಕು ವರ್ಷ ಕಾಲುವೆಗಳ ಕೆಸರಿನಲ್ಲಿ ಕೂತರು. 1918ರ ನವೆಂಬರ್ 11ರಂದು ಗುಂಡು ನಿಂತಾಗ ಸತ್ತ ಸೈನಿಕರೇ ಸುಮಾರು 90 ಲಕ್ಷದಿಂದ ಒಂದು ಕೋಟಿ. ಜರ್ಮನಿ, ಆಸ್ಟ್ರಿಯಾ-ಹಂಗೇರಿ, ರಷ್ಯಾ, ತುರ್ಕಿ, ಈ ನಾಲ್ಕು ಸಾಮ್ರಾಜ್ಯಗಳು ನೆಲಕಚ್ಚಿದವು. ರಷ್ಯಾದಲ್ಲಿ 1917ರಲ್ಲಿ ಕ್ರಾಂತಿಯಾಯಿತು. ತುರ್ಕಿಯ ಅರಬ್ ಪ್ರಾಂತ್ಯಗಳನ್ನು ಹಂಚಿಕೊಳ್ಳಲು ಬ್ರಿಟನ್ ಮತ್ತು ಫ್ರಾನ್ಸ್ 1916ರಲ್ಲೇ ಗುಟ್ಟಾಗಿ ಗೆರೆ ಎಳೆದಿದ್ದವು. ಆ ಗೆರೆಗಳ ನೋವು ಇನ್ನೂ ಆರಿಲ್ಲ.

ಜರ್ಮನಿಯೊಂದಿಗಿನ ವರ್ಸೇಲ್ಸ್ ಒಪ್ಪಂದಕ್ಕೆ ಸಹಿ ಬಿದ್ದದ್ದು 1919ರ ಜೂನ್ 28ರಂದು, ಸರಾಯೆವೊದ ಕೊಲೆಯಾಗಿ ಸರಿಯಾಗಿ ಐದು ವರ್ಷಕ್ಕೆ. ಅದರ 231ನೆಯ ಕಲಮು ನಷ್ಟದ ಹೊಣೆಯನ್ನು ಜರ್ಮನಿ ಮತ್ತು ಅದರ ಮಿತ್ರರ ಮೇಲೆ ಹೊರಿಸಿತು. 1921ರಲ್ಲಿ ಪರಿಹಾರದ ಮೊತ್ತ 13,200 ಕೋಟಿ ಚಿನ್ನದ ಮಾರ್ಕ್ ಎಂದು ಗೊತ್ತಾಯಿತು. ಇದು ಯಾರಿಗೂ ಒಳ್ಳೆಯದಲ್ಲ ಎಂದು ಬ್ರಿಟಿಷ್ ತಂಡದಲ್ಲಿದ್ದ ಅರ್ಥಶಾಸ್ತ್ರಜ್ಞ ಕೇನ್ಸ್ ರಾಜೀನಾಮೆ ಕೊಟ್ಟು ಹೊರಬಂದು ಪುಸ್ತಕ ಬರೆದಿದ್ದ. 1923ರಲ್ಲಿ ಕಂತು ತಪ್ಪಿತೆಂದು ಫ್ರಾನ್ಸ್ ಮತ್ತು ಬೆಲ್ಜಿಯಮ್ ರೂರ್ ಪ್ರದೇಶಕ್ಕೆ ಸೈನ್ಯ ನುಗ್ಗಿಸಿದವು. ಜರ್ಮನ್ ಸರ್ಕಾರ ನೋಟು ಅಚ್ಚು ಹಾಕುತ್ತಲೇ ಹೋಯಿತು. ಆ ನವೆಂಬರಿನಲ್ಲಿ ಒಂದು ಡಾಲರಿಗೆ 4 ಲಕ್ಷ ಕೋಟಿಗೂ ಹೆಚ್ಚು ಮಾರ್ಕ್. ಜೀವಮಾನದ ಉಳಿತಾಯ ಒಂದು ರೊಟ್ಟಿಗೆ ಸಾಲದಾಯಿತು. ಆ ಪರಿಹಾರಕ್ಕೆಂದು ಎತ್ತಿದ ಸಾಲದ ಕೊನೆಯ ಬಡ್ಡಿ ಕಂತು ತೀರಿದ್ದು 2010ರ ಅಕ್ಟೋಬರ್ 3ರಂದು!

ಇಲ್ಲೂ ನೋಟ್ಸು ಒಂದು ಅಡ್ಡದಾರಿ ಹಿಡಿಯುತ್ತದೆ: ವರ್ಸೇಲ್ಸ್, ಆದ್ದರಿಂದ ಹಿಟ್ಲರ್. ನಡುವಿನ ವರ್ಷಗಳನ್ನು ನೋಡಿ. 1925ರಲ್ಲಿ ಲೊಕಾರ್ನೊದಲ್ಲಿ ಫ್ರಾನ್ಸ್ ಮತ್ತು ಜರ್ಮನಿ ಗಡಿ ಒಪ್ಪಿಕೊಂಡವು. 1928ರ ಚುನಾವಣೆಯಲ್ಲಿ ಹಿಟ್ಲರನ ಪಕ್ಷಕ್ಕೆ ಸಿಕ್ಕಿದ್ದು ಶೇಕಡ 2.6 ಮತ. 1929ರ ಆರ್ಥಿಕ ಕುಸಿತದ ಮೇಲೆ, 1932ರ ಜುಲೈಯಲ್ಲಿ, ಅದು ಶೇಕಡ 37 ಆಯಿತು. ಆಗಲೂ ಬಹುಮತ ಬಂದಿರಲಿಲ್ಲ. 1933ರ ಜನವರಿ 30ರಂದು ಅವನನ್ನು ಕರೆದು ಪಟ್ಟಕ್ಕೆ ಕೂರಿಸಿದವನು ಅಧ್ಯಕ್ಷ ಹಿಂಡೆನ್‌ಬರ್ಗ್. ಅವನನ್ನು ನಮ್ಮ ಹತೋಟಿಯಲ್ಲಿ ಇಟ್ಟುಕೊಳ್ಳಬಹುದು ಎಂದು ಸುತ್ತಲಿನವರು ಲೆಕ್ಕ ಹಾಕಿದ್ದರು. ಯುದ್ಧಕ್ಕೆ ಕಾರಣವಾದ ಹಾಗೆಯೇ ಯುದ್ಧದ ಫಲವೂ ತಾನಾಗಿ ಬೆಳೆಯಲಿಲ್ಲ. ಪ್ರತಿ ಹಂತದಲ್ಲೂ ನೀರೆರೆದವರಿದ್ದರು.

5. ನಮ್ಮ ಪಾಲಿಗೆ ಬಂದದ್ದು

ಈಗ ಮದರಾಸಿನ ಬಂದರಿಗೆ ಹಿಂದಿರುಗೋಣ. ಸರಾಯೆವೊದ ಎರಡು ಗುಂಡಿಗೂ ಎಮ್ಡನ್ನಿನ ಗುಂಡುಗಳಿಗೂ ನಡುವೆ 86 ದಿನ. ಭಾರತ ಈ ಯುದ್ಧಕ್ಕೆ ಸೇರಬೇಕೆ ಎಂದು ಭಾರತೀಯರನ್ನು ಯಾರೂ ಕೇಳಲಿಲ್ಲ. ಬ್ರಿಟನ್ ಸೇರಿತು, ನಾವೂ ಸೇರಿದೆವು ಎಂದಾಯಿತು, ಅಷ್ಟೇ. ಸೆಪ್ಟೆಂಬರ್ ಕೊನೆಗೆ ನಮ್ಮ ಸೈನಿಕರು ಫ್ರಾನ್ಸಿನ ಮಾರ್ಸೇಲ್ಸ್ ಬಂದರಿನಲ್ಲಿ ಇಳಿದರು. ಆ ಚಳಿಗೆ ತಕ್ಕ ಬಟ್ಟೆಯೂ ಎಲ್ಲರಿಗೆ ಇರಲಿಲ್ಲ. ಯುದ್ಧ ಮುಗಿಯುವ ಹೊತ್ತಿಗೆ ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರು ಫ್ರಾನ್ಸ್, ಮೆಸೊಪೊಟೇಮಿಯಾ, ಪೂರ್ವ ಆಫ್ರಿಕಾ, ಗಲಿಪೊಲಿ, ಪ್ಯಾಲೆಸ್ಟೈನ್‌ಗಳಿಗೆ ಹೋಗಿದ್ದರು. 70 ಸಾವಿರದಷ್ಟು ಮಂದಿ ಹಿಂದಿರುಗಲಿಲ್ಲ. ದೆಹಲಿಯ ಇಂಡಿಯಾ ಗೇಟ್ ಅವರ ನೆನಪಿಗೆ ಕಟ್ಟಿದ್ದು.

ನಮ್ಮ ಮೈಸೂರು ಲ್ಯಾನ್ಸರ್ಸ್ ದಳವೂ ಹೋಗಿತ್ತು. 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೈನಿನ ಹೈಫಾ ಪಟ್ಟಣವನ್ನು ಜೋಧಪುರದ ಕುದುರೆ ದಳದವರೊಂದಿಗೆ ಅವರು ಗೆದ್ದರು. ಎದುರಿಗೆ ಮೆಷಿನ್‌ಗನ್ನು ಮತ್ತು ಫಿರಂಗಿ, ಇವರ ಕೈಯಲ್ಲಿ ಈಟಿ ಮತ್ತು ಕತ್ತಿ. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳು ಮೈಸೂರು, ಜೋಧಪುರ, ಹೈದರಾಬಾದ್ ದಳಗಳ ನೆನಪು. ಕನ್ನಡ ಮಾತಾಡುವ ಹುಡುಗನೊಬ್ಬ ಮಂಡ್ಯದ ಕಡೆಯಿಂದಲೋ ಮೈಸೂರಿನ ಕಡೆಯಿಂದಲೋ ಹೊರಟು ಹೈಫಾದ ಕಾರ್ಮೆಲ್ ಗುಡ್ಡದ ಕೆಳಗೆ ಕುದುರೆ ಓಡಿಸಿದ್ದನ್ನು ಊಹಿಸಿಕೊಂಡರೆ ನನಗೆ ಹೆಮ್ಮೆಯೂ ಆಗುತ್ತೆ, ಸಂಕಟವೂ ಆಗುತ್ತೆ.

ಪ್ರತಿಫಲ? 1917ರ ಆಗಸ್ಟಿನಲ್ಲಿ ಹಂತಹಂತವಾಗಿ ಸ್ವಯಮಾಡಳಿತ ಕೊಡುತ್ತೇವೆ ಎಂದು ಮಾಂಟೆಗು ಘೋಷಿಸಿದ. 1918ರಲ್ಲಿ ಗಾಂಧೀಜಿ ಕೂಡ ಖೇಡಾದ ಹಳ್ಳಿಗಳಲ್ಲಿ ನಡೆದಾಡಿ ಸೈನ್ಯ ಸೇರಿ ಎಂದು ಕೇಳಿದರು. ಯುದ್ಧ ಮುಗಿದ ನಾಲ್ಕೇ ತಿಂಗಳಿಗೆ, 1919ರ ಮಾರ್ಚಿನಲ್ಲಿ ಬಂದದ್ದು ವಿಚಾರಣೆಯಿಲ್ಲದೆ ಸೆರೆಗೆ ಹಾಕುವ ರೌಲಟ್ ಕಾಯಿದೆ. ಏಪ್ರಿಲ್ 13ರಂದು ಜಲಿಯನ್‌ವಾಲಾ ಬಾಗ್. ಅದು ನಡೆದದ್ದು ಆ ಯುದ್ಧಕ್ಕೆ ಅತಿ ಹೆಚ್ಚು ಸೈನಿಕರನ್ನು ಕೊಟ್ಟ ಪಂಜಾಬಿನಲ್ಲೇ. ಬ್ರಿಟಿಷರ ನ್ಯಾಯಬುದ್ಧಿಯ ಮೇಲಿದ್ದ ನಂಬಿಕೆ ಅಲ್ಲಿಗೆ ಮುರಿಯಿತು. ಅಸಹಕಾರ ಚಳವಳಿ ಮುಂದಿನ ವರ್ಷ ಶುರುವಾಯಿತು.

ಸ್ಮಾರಕವೇ ಇಲ್ಲದ ಇನ್ನೊಂದು ಫಲವಿದೆ. 1918ರ ಜೂನ್‌ನಲ್ಲಿ ಇನ್‌ಫ್ಲುಯೆಂಜಾ ಬೊಂಬಾಯಿಯ ಬಂದರಿನಲ್ಲಿ ಕಾಣಿಸಿಕೊಂಡಿತು. ಸೈನಿಕರ ಹಡಗಿನಲ್ಲಿ ಬಂತು, ಸೈನಿಕರ ರೈಲಿನಲ್ಲಿ ಹರಡಿತು. ಭಾರತದಲ್ಲಿ ಸತ್ತವರು 1.2 ಕೋಟಿಗೂ ಮೇಲೆ ಎಂದು ಅಂದಾಜು. ಎಲ್ಲ ದೇಶಗಳ ಸತ್ತ ಸೈನಿಕರನ್ನು ಕೂಡಿದರೂ ಅದಕ್ಕಿಂತ ಕಡಿಮೆ. ಜನಗಣತಿ ಶುರುವಾದಂದಿನಿಂದ ನಮ್ಮ ದೇಶದ ಜನಸಂಖ್ಯೆ ಇಳಿದ ದಶಕ 1911ರಿಂದ 1921 ಒಂದೇ. ನಮ್ಮ ಮನೆಯ ವಂಶವೃಕ್ಷ ಬರೆಯಲು ಹೊರಟಾಗ ಮುತ್ತಜ್ಜನ ತಲೆಮಾರಿನಲ್ಲಿ ಮೂರು ಹೆಸರುಗಳ ಮುಂದೆ ಕೊಂಬೆಯೇ ಇರಲಿಲ್ಲ. ಯಾಕೆ ಅಂತ ಅಜ್ಜಿಯನ್ನು ಕೇಳಿದರೆ, "ಜ್ವರದ ವರ್ಷ ಹೋದ್ರಂತೆ ಕಣೇ, ಒಂದೇ ವಾರದಲ್ಲಿ" ಅಂದರು. ಯಾವ ಯುದ್ಧ, ಯಾವ ಸರಾಯೆವೊ, ಅಜ್ಜಿಗೆ ಗೊತ್ತಿಲ್ಲ. ಗೊತ್ತಿಲ್ಲದೆಯೂ ಪಾಲು ಬಂದಿತ್ತು.

6. ತಂಗಿಗೆ ಉತ್ತರ

ತಪ್ಪು ಯಾರದು? ವಿದ್ವಾಂಸರು ಇನ್ನೂ ವಾದಿಸುತ್ತಿದ್ದಾರೆ. 1961ರಲ್ಲಿ ಜರ್ಮನಿಯ ಫ್ರಿಟ್ಜ್ ಫಿಷರ್ ತನ್ನ ದೇಶದ ಕಡತಗಳನ್ನೇ ಬಿಡಿಸಿ, ಮುಖ್ಯ ಹೊಣೆ ನಮ್ಮದೇ ಎಂದು ಬರೆದು ಸ್ವದೇಶದಲ್ಲಿ ಬೈಸಿಕೊಂಡ. 2012ರಲ್ಲಿ ಕ್ರಿಸ್ಟೋಫರ್ ಕ್ಲಾರ್ಕ್, ಎಲ್ಲ ರಾಜಧಾನಿಗಳೂ ನಿದ್ದೆಗಣ್ಣಿನಲ್ಲಿ ನಡೆದು ಬಿದ್ದವು ಎಂಬ ಚಿತ್ರ ಕೊಟ್ಟ. ನನ್ನ ತೂಕದಲ್ಲಿ ವಿಯೆನ್ನಾ ಮತ್ತು ಬರ್ಲಿನ್ನಿನ ತಟ್ಟೆ ಹೆಚ್ಚು ಭಾರ: ಒಬ್ಬರು ಯುದ್ಧ ಬಯಸಿದರು, ಇನ್ನೊಬ್ಬರು ಖಾಲಿ ಚೆಕ್ ಕೊಟ್ಟರು. ರಷ್ಯಾದ ಅವಸರ, ಹಂತಕರಿಗೆ ಬಂದೂಕು ಕೊಟ್ಟ ಸರ್ಬಿಯಾದ ಗುಪ್ತಸಂಘದ ಅಧಿಕಾರಿಗಳು, ಬ್ರಿಟನ್ನಿನ ತಡವಾದ ಬಾಯಿ, ಇವಕ್ಕೂ ಪಾಲಿದೆ, ಸಮಪಾಲು ಇಲ್ಲ.

ಆದ್ದರಿಂದ ತಂಗಿ, ಐದು ಕಾರಣ ಬರಿ, ಅಂಕ ಬೇಕಲ್ಲ. ಅದರ ಕೆಳಗೆ ಇನ್ನೊಂದು ಸಾಲು ಸೇರಿಸು: ಯಾವ ದಿನ, ಯಾರು, ಬೇರೆ ಏನು ಮಾಡಬಹುದಿತ್ತು. 'ಅನಿವಾರ್ಯ' ಅಂತ ಮಾತ್ರ ಬರೀಬೇಡ. ಆ ಪದ ಬರೆದರೆ ಸಹಿ ಹಾಕಿದ ಕೈಗಳೆಲ್ಲ ತೊಳೆದುಕೊಂಡು ಹೋಗುತ್ತವೆ. ಮುಂದಿನ ಸಲ ಯಾರೋ ನಮ್ಮನ್ನು ಕೇಳದೆ ನಮ್ಮ ಪರವಾಗಿ ಸಹಿ ಹಾಕುವಾಗ, ಇದೂ ಅನಿವಾರ್ಯವೇನೋ ಎಂದು ನಾವು ಸುಮ್ಮನಿರುತ್ತೇವೆ.

ಮುಂದಿನ ಗೋಷ್ಠಿಗೆ ಮೂರು ಪ್ರಶ್ನೆ:
1. 1913ರಲ್ಲಿ ಲಂಡನ್ನಿನಲ್ಲಿ ಸಾಧ್ಯವಾದ ಮಾತುಕತೆ 1914ರಲ್ಲಿ ಯಾಕೆ ನಡೆಯಲಿಲ್ಲ?
2. ಗೆದ್ದವರು ಸೋತವರಿಂದ ಎಷ್ಟು ಕೇಳಬಹುದು?
3. ನಿಮ್ಮ ಮನೆಯ ಹಿರಿಯರ ನೆನಪಿನಲ್ಲಿ ಆ ಜ್ವರದ ವರ್ಷವೋ, ದಂಡಿಗೆ ಹೋದವರೋ ಇದ್ದಾರೆಯೇ? ಕೇಳಿ ಬರೆದುಕೊಂಡು ಬನ್ನಿ. ಪುಸ್ತಕ ಎಲ್ಲೂ ಹೋಗಲ್ಲ, ಹಿರಿಯರು ಹಾಗಲ್ಲ.